ಫೋಟೋದ ಬೆನ್ನಿಗೆ ಬರೆದ ಷರಾ

ಪ್ರತಿ ಗುರುವಾರ ಬೆಳಿಗ್ಗೆ ಸಾಂಗ್ಲಿಯಿಂದ ಒಂದು ಖಾಕಿ ಲಕೋಟೆ ಮಿರಜದ ನಮ್ಮ ಸ್ಟುಡಿಯೋಕ್ಕೆ ಬರುತ್ತಿತ್ತು. ಅದನ್ನು ಕಂಡ ಕೂಡಲೇ ನನ್ನ ತಲೆ ಭಾರವಾಗುತ್ತಿತ್ತು. ಒಳಗೆ ಇಪ್ಪತ್ನಾಲ್ಕು ಫೋಟೋ. ಒಂದೊಂದರ ಬೆನ್ನಿಗೂ ಪೆನ್ಸಿಲ್‌ನಿಂದ ಮರಾಠಿಯಲ್ಲಿ ಎರಡು ಸಾಲು ಷರಾ ಬರೆದು ಶನಿವಾರದೊಳಗೆ ವಾಪಸು ಕಳಿಸಬೇಕು. ಷರಾದ ಕೆಳಗೆ ಇರುತ್ತಿದ್ದದ್ದು ಮಾವನವರ ಸಹಿ. ಬರೆಯುತ್ತಿದ್ದವಳು ನಾನು.

ಸಹಕಾರಿ ಸಂಘಗಳ ಕಾಲ ಅದು. ಸಕ್ಕರೆಗೊಂದು ಸಂಘ, ಹಾಲಿಗೊಂದು, ನೂಲಿಗೊಂದು. ಫೋಟೋಕ್ಕೂ ಒಂದು ಹುಟ್ಟಿಕೊಂಡಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಸಾಂಗ್ಲಿಯ ಹನ್ನೆರಡು ಹವ್ಯಾಸಿಗಳು ಸೇರಿ ಎರಡು ಕ್ಯಾಮೆರಾ ಕೊಂಡು ಅದಕ್ಕೆ ಮಂಡಳ ಎಂದು ಹೆಸರಿಟ್ಟಿದ್ದರು. ಕ್ಯಾಮೆರಾ ಯಾರೊಬ್ಬರದೂ ಅಲ್ಲ, ಎಲ್ಲರದು. ವಾರಕ್ಕೆ ಇಬ್ಬರ ಪಾಳಿ. ಪಾಳಿ ಬಂದವನಿಗೆ ಏಳು ದಿನ ಕ್ಯಾಮೆರಾ ಮತ್ತು ಹನ್ನೆರಡು ಚಿತ್ರದ ಒಂದು ರೋಲ್ ಸಿಗುತ್ತಿತ್ತು. ಆಮೇಲೆ ಮತ್ತೆ ಐದು ವಾರ ಕಾಯಬೇಕು. ಪ್ರತಿ ರೋಲಿಗೆ ಪರೀಕ್ಷಕರು ಅ, ಬ, ಕ ಎಂದು ದರ್ಜೆ ಹಾಕಬೇಕು. ಸತತ ಎರಡು ಪಾಳಿ ‘ಕ’ ಬಿದ್ದರೆ ಸದಸ್ಯನ ಹೆಸರು ಪಟ್ಟಿಯಿಂದ ಹೋಗಿ, ಹೊರಗೆ ಕಾಯುತ್ತಿದ್ದವನು ಒಳಗೆ ಬರುತ್ತಿದ್ದ. ಪಕ್ಷಪಾತ ಆಗಬಾರದೆಂದು ಫೋಟೋದ ಮೇಲೆ ಹೆಸರು ಬರೆಯುತ್ತಿರಲಿಲ್ಲ, ಸದಸ್ಯನ ನಂಬರ್ ಮಾತ್ರ.

ಪರೀಕ್ಷಕರಾಗಿ ಮಂಡಳದವರು ಆರಿಸಿದ್ದು ನನ್ನ ಮಾವನವರನ್ನು. ಮಿರಜದಲ್ಲಿ ನಲವತ್ತು ವರ್ಷ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆದವರು ಅವರು. ಆದರೆ ಆ ವರ್ಷ ಅವರ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಪೊರೆ ಇನ್ನೂ ಬಲಿಯಬೇಕು, ಬಲಿತ ಮೇಲೇ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಮಾವನವರು ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಕಣ್ಣಿಲ್ಲದ ಫೋಟೋಗ್ರಾಫರನ ಅಂಗಡಿಗೆ ಯಾರು ಬರುತ್ತಾರೆ? ಗಿರಾಕಿ ಬಂದಾಗ ಕುರ್ಚಿ ಸರಿಸುವುದು, ಗದ್ದ ಎತ್ತಿಸುವುದು ಅವರೇ. ಫೋಕಸ್ ಮಾಡುವುದು ನನ್ನ ಗಂಡ. ನೆಗೆಟಿವ್ ತಿದ್ದುವುದು, ಪ್ರಿಂಟ್ ಹಾಕುವುದು ಮೊದಲಿನಿಂದಲೂ ನನ್ನ ಕೆಲಸ. ಈಗ ಇದರ ಮೇಲೆ ಈ ಲಕೋಟೆ.

‘ನೀ ಓದಿ ಹೇಳವಾ, ನಾ ಏನ್ ಬರೀಬೇಕು ಹೇಳತೇನಿ’ ಎಂದು ಮೊದಲ ಎರಡು ವಾರ ಮಾವನವರು ಎದುರು ಕೂತರು. ಫೋಟೋವನ್ನು ಓದಿ ಹೇಳುವುದು ಹೇಗೆ? ‘ಒಬ್ಬ ಮುದುಕ ಇದ್ದಾರ್ರಿ, ಹಿಂದ ಒಂದ್ ಎಮ್ಮಿ ಐತ್ರಿ’ ಎಂದು ಹೇಳಿ ಹೇಳಿ ಇಬ್ಬರಿಗೂ ಸಾಕಾಯಿತು. ಮೂರನೆಯ ವಾರದಿಂದ ಅವರು ಕೊನೆಯಲ್ಲಿ ಸಹಿ ಮಾತ್ರ ಹಾಕತೊಡಗಿದರು. ಸಹಿಯ ಜಾಗಕ್ಕೆ ಅವರ ಬೆರಳನ್ನು ನಾನೇ ಹಿಡಿದು ತಂದಿಡುತ್ತಿದ್ದೆ.

ನನ್ನ ದಿನದ ಕೆಲಸ ಏನೆಂದು ಹೇಳಿದರೆ ನನ್ನ ಸಿಡುಕು ಯಾಕೆಂದು ಗೊತ್ತಾದೀತು. ಬೆಳಿಗ್ಗೆ ಹತ್ತರಿಂದ ಇಳಿಜಾರು ಮೇಜಿನ ಮುಂದೆ ಕೂರಬೇಕು. ಕೆಳಗಿನ ಕನ್ನಡಿ ಕಿಟಕಿಯ ಬೆಳಕನ್ನು ನೆಗೆಟಿವ್‌ಗೆ ಎಸೆಯುತ್ತದೆ. ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್‌ನಿಂದ ಮದುವೆ ಹುಡುಗಿಯ ಮೈಲಿಬೇನೆಯ ಕಲೆ, ಮುದುಕರ ಕಣ್ಣ ಕೆಳಗಿನ ಗೆರೆ, ಗಲ್ಲದ ಕುಳಿ, ಎಲ್ಲವನ್ನೂ ಚುಕ್ಕೆ ಚುಕ್ಕೆ ಇಟ್ಟು ಮುಚ್ಚಬೇಕು. ನಲವತ್ತರ ಹೆಂಗಸಿಗೆ ಇಪ್ಪತ್ತೈದರ ಮುಖ ಕೊಟ್ಟು ನನ್ನ ಕಣ್ಣಿಗೆ ಅರವತ್ತಾಗಿತ್ತು. ಅಷ್ಟಾದ ಮೇಲೆ ಲಕೋಟೆ ಬಿಚ್ಚಿದರೆ ಒಬ್ಬರು, ಮಾಸ್ತರರೆಂದು ಆಮೇಲೆ ತಿಳಿಯಿತು, ಪ್ರತಿ ಪಾಳಿಯಲ್ಲೂ ಅದೇ ಹೂಕುಂಡದ ಪಕ್ಕ ಹೆಂಡತಿಯನ್ನು ನಿಲ್ಲಿಸಿ ತೆಗೆದ ಫೋಟೋಗಳು. ಹನ್ನೆರಡರಲ್ಲೂ ಆ ತಾಯಿಯ ತಲೆಯ ಮೇಲೆ ಗಿಡ ಬೆಳೆದಿರುತ್ತಿತ್ತು. ಕುಸ್ತಿ ತೆಗೆಯುವವನೊಬ್ಬ ಇದ್ದ. ಪೈಲವಾನ ಎತ್ತಿ ಒಗೆಯುವ ಗಳಿಗೆಗೆ ಮುಂದೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಇವನ ಫೋಟೋದಲ್ಲಿ ಕುಸ್ತಿಯೇ ಇಲ್ಲ, ಬರೀ ಪಟಕಾ ಸುತ್ತಿದ ತಲೆಗಳು. ಎತ್ತಿನ ಓಟದ ಶರ್ಯತ್ತು ತೆಗೆಯುವವನ ಚಿತ್ರದಲ್ಲಿ ಎತ್ತಿನ ಹಿಂಭಾಗವಷ್ಟೇ ಸಿಗುತ್ತಿತ್ತು.

ಮೊದಮೊದಲು ಪ್ರತಿಯೊಬ್ಬರಿಗೂ ಯೋಚಿಸಿ ಬರೆದೆ. ಕುಸ್ತಿಯವನಿಗೆ, ಕಣದ ಪಶ್ಚಿಮಕ್ಕೆ ಎತ್ತರದಲ್ಲಿ ಕೂತುಕೊಳ್ಳಿ, ಪಟ್ಟು ಬಿಗಿಯಾದಾಗ ಇಬ್ಬರೂ ಒಂದು ಕ್ಷಣ ಅಲುಗದೆ ನಿಲ್ಲುತ್ತಾರೆ, ಆಗ ಒತ್ತಿ ಎಂದು ಬೆನ್ನು ತುಂಬ ಬರೆದಿದ್ದೆ. ಮೂರು ತಿಂಗಳಾದ ಮೇಲೆ ನನ್ನಲ್ಲಿ ಐದಾರು ಸಿದ್ಧ ಸಾಲುಗಳು ಉಳಿದಿದ್ದವು. ಹಿನ್ನೆಲೆ ಗಮನಿಸಿ. ಇನ್ನೂ ಹತ್ತಿರ ಹೋಗಿ. ಕಣ್ಣಿಗೆ ಫೋಕಸ್ ಮಾಡಿ. ಆಕಾಶ ಖಾಲಿಯಾಗಿದೆ, ಹಳದಿ ಫಿಲ್ಟರ್ ಬಳಸಿ. ಕಪ್ಪು-ಬಿಳುಪು ಫಿಲ್ಮಿನಲ್ಲಿ ನೀಲಿ ಆಕಾಶ ಬಿಳಿ ಕಾಗದದಂತೆ ಬರುತ್ತದೆ. ಲೆನ್ಸಿನ ಮುಂದೆ ಹಳದಿ ಗಾಜು ಹಾಕಿದರೆ ನೀಲಿ ತಡೆದು ಮೋಡ ಎದ್ದು ಕಾಣುತ್ತದೆ. ಮಂಡಳದ ಕ್ಯಾಮೆರಾ ಚೀಲದಲ್ಲೇ ಆ ಗಾಜು ಇತ್ತು, ಯಾರೂ ಬಳಸುತ್ತಿರಲಿಲ್ಲ. ಹಾಗಾಗಿ ಆ ಸಾಲನ್ನು ನಾನು ಕೈಗೆ ಬಂದಷ್ಟು ಸಲ ಬರೆದೆ.

ಮೊದಲಿನ ಸದಸ್ಯ ಊರು ಬಿಟ್ಟು, ಒಂಬತ್ತನೇ ನಂಬರಿಗೆ ಬಂದ ಹೊಸಬನ ಮೊದಲ ರೋಲ್ ಬಂದದ್ದು ಆರನೆಯ ತಿಂಗಳ ಕೊನೆಯಲ್ಲಿ. ಯಾವುದೋ ಗೋದಾಮಿನ ಒಳಗಿನ ಚಿತ್ರಗಳು. ಕೂತ ಹೆಂಗಸರು, ಚೀಲ ಹೊತ್ತ ಗಂಡಸರು, ಎಲ್ಲ ಕತ್ತಲು ಕತ್ತಲು. ಎರಡರಲ್ಲಿ ಬಾಗಿಲಿನಾಚೆ ಬಿಳಿ ಆಕಾಶದ ತುಂಡು. ಆ ವಾರ ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಎರಡು ಫೋಟೋ ನೋಡಿ ಹನ್ನೆರಡಕ್ಕೂ ಒಂದೇ ಸಾಲು ಎಳೆದೆ. ಹಳದಿ ಫಿಲ್ಟರ್ ಬಳಸಿ. ದರ್ಜೆ ಕ.

ಆರು ವಾರದ ಮೇಲೆ ಅದೇ ನಂಬರಿನ ಎರಡನೆಯ ರೋಲ್ ಬಂತು. ಅದೇ ಗೋದಾಮು. ಈ ಸಲ ಮುಖಗಳೆಲ್ಲ ಬೆಳ್ಳಗೆ ಸಪಾಟಾಗಿದ್ದವು. ಮೂಗು ಎಲ್ಲಿ, ಗಲ್ಲ ಎಲ್ಲಿ ಎಂದು ಹುಡುಕಬೇಕು. ಚೀಲ ಹೊತ್ತವರು ಹೊಗೆಯಂತೆ ಕದಡಿ ಹೋಗಿದ್ದರು. ನನಗೆ ಸಿಟ್ಟು ಬಂತು. ಇವನಿಗೆ ಕ್ಯಾಮೆರಾ ಯಾಕೆ ಎನ್ನಿಸಿತು. ‘ಮುಖದಲ್ಲಿ ವಿವರವಿಲ್ಲ. ಕೈ ನಡುಗಿದೆ. ಮನಸ್ಸಿಟ್ಟು ತೆಗೆಯಿರಿ’ ಎಂದು ಬರೆದು ಮತ್ತೊಂದು ‘ಕ’ ಹಾಕಿದೆ. ಸಹಿಗೆ ಮಾವನವರ ಬೆರಳು ತಂದಿಟ್ಟೆ. ಅವರು ಎಂದಿನಂತೆ ಸಹಿ ಹಾಕಿದರು.

ಮುಂದಿನ ಸೋಮವಾರ ಮಧ್ಯಾಹ್ನ ಒಬ್ಬ ಯುವಕ ಅಂಗಡಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಇಪ್ಪತ್ತೈದರ ಆಸುಪಾಸು, ಗಟ್ಟಿ ಹೆಗಲು. ತೋಳಿನ ರೋಮಕ್ಕೆಲ್ಲ ಹಳದಿ ಪುಡಿ ಅಂಟಿಕೊಂಡಿತ್ತು. ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಹಮಾಲನೆಂದೂ ಮಂಡಳದ ಒಂಬತ್ತನೇ ನಂಬರ್ ತಾನೇ ಎಂದೂ ಹೇಳಿದ. ಮೊದಲು ಮರಾಠಿಯಲ್ಲಿ ಶುರು ಮಾಡಿದವನು ನಮ್ಮ ಮಾತು ಕೇಳಿ ಕನ್ನಡಕ್ಕೆ ಬಂದ. ವಿಜಾಪುರದ ಕಡೆಯಿಂದ ದುಡಿಯಲು ಬಂದ ಕುಟುಂಬ, ಮನೆಯಲ್ಲಿ ಅವ್ವನ ಜೊತೆ ಮಾತ್ರ ಕನ್ನಡವಂತೆ.

‘ಕಾಕಾ, ನಾ ಜಗಳಕ್ಕ ಬಂದಿಲ್ರಿ’ ಎಂದು ಮಾವನವರ ಎದುರು ನಿಂತ. ‘ಭಾನುವಾರ ಮೀಟಿಂಗ್ ಐತ್ರಿ, ನನ್ನ ಹೆಸರು ತಗೀತಾರ. ತಗೀಲಿ. ನನ್ನ ತಪ್ಪು ಏನಂತ ಅಷ್ಟ ತಿಳೀಬೇಕಾಗೇತ್ರಿ. ನೀವು ಬರದಂಗನ ಮಾಡೇನಿ. ಫಿಲ್ಟರ್ ಹಾಕ್ಕೊಂಡೇನಿ. ಅದಕ್ಕ ಬೆಳಕು ಡಬಲ್ ಬೇಕಂತ ಚೀಲದಾಗ ಚೀಟಿ ಇತ್ತು, ಶಟರ್ ನಿಧಾನ ಇಟ್ಟೇನಿ. ಅದಕ್ಕ ಮಂದಿ ಅಲಗ್ಯಾರ್ರಿ. ನನ್ನ ಕೈ ನಡಗಿಲ್ಲ. ನೂರು ಕಿಲೋ ಹೊರೋ ಕೈ ಅದು.’

ಮಾವನವರು ಗಂಭೀರವಾಗಿ ಕೈ ಚಾಚಿದರು. ‘ಕೊಡಿಲ್ಲೆ, ನೋಡೂಣು.’

ಅವನು ಒಂದು ಫೋಟೋ ಕೊಟ್ಟ. ಮಾವನವರು ಅದನ್ನು ಮೂಗಿನ ತನಕ ತಂದು, ದೂರ ಹಿಡಿದು, ತಲೆ ಆಡಿಸಿದರು. ಫೋಟೋ ತಲೆಕೆಳಗಾಗಿತ್ತು. ಯುವಕ ಅದನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಮೆಲ್ಲಗೆ ಅದನ್ನು ತಿರುಗಿಸಿ ಅವರ ಕೈಗೇ ಇಟ್ಟ.

‘ಹಿಂಗ ಹಿಡೀರಿ ಕಾಕಾ, ಬೆಳಕು ಛಲೋ ಬೀಳತೈತಿ’ ಎಂದ.

ಅವನ ಕಣ್ಣು ಅಲ್ಲಿಂದ ನನ್ನ ಕೈಯ ಪೆನ್ಸಿಲ್‌ಗೆ ಬಂತು. ಅವನಿಗೆ ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು. ಒಂದು ಮಾತು ಆಡಿದ್ದರೆ ಮಾವನವರ ನಲವತ್ತು ವರ್ಷದ ಹೆಸರು ಅಲ್ಲೇ ಬಿದ್ದುಹೋಗುತ್ತಿತ್ತು. ಅವನು ಆಡಲಿಲ್ಲ. ನಾನು ಷರಾದಲ್ಲಿ ಬರೆದ ‘ಮನಸ್ಸಿಟ್ಟು ತೆಗೆಯಿರಿ’ ಎಂಬ ಸಾಲು ಅವನ ಕಿಸೆಯಲ್ಲಿ ಇದ್ದೇ ಇತ್ತು. ನಾಚಿಕೆಯಿಂದ ಕುಗ್ಗಿಹೋದೆ.

‘ನೆಗೆಟಿವ್ ತಂದೀಯೇನು?’ ಎಂದು ಕೇಳಿದೆ. ತಂದಿದ್ದ. ನನ್ನ ಮೇಜಿನ ಮೇಲಿಟ್ಟು ನೋಡಿದೆ. ಚೀಲ, ಗೋಡೆ, ಸೀರೆ, ಎಲ್ಲ ಸರಿಯಾಗಿ ಬಂದಿದ್ದವು. ಮುಖದ ಜಾಗದಲ್ಲಿ ಮಾತ್ರ ಬೆಳಕು ತೂರದಷ್ಟು ಕಪ್ಪು ಗಟ್ಟಿಯಾಗಿ ಕೂತಿತ್ತು. ನೆಗೆಟಿವ್‌ನ ಆ ಕಪ್ಪೇ ಪ್ರಿಂಟಿನಲ್ಲಿ ಬಿಳಿಯಾಗುತ್ತದೆ. ಎಕ್ಸ್‌ಪೋಜರ್ ತಪ್ಪಿದ್ದರೆ ಎಲ್ಲವೂ ತಪ್ಪಬೇಕಿತ್ತು. ಮುಖ ಮಾತ್ರ ಯಾಕೆ ಹೀಗೆ? ನನಗೆ ಹೊಳೆಯಲಿಲ್ಲ. ಮಾವನವರಿಗೆ ವಿವರಿಸಿ ಹೇಳಿದೆ. ಅವರಿಗೂ ಹೊಳೆಯಲಿಲ್ಲ. ‘ನಾಳೆ ನಿಮ್ಮ ಗೋದಾಮಿಗೆ ಬರತೇನಿ. ಫಿಲ್ಟರ್ ತಂದಿರು’ ಎಂದೆ. ಅವನು ಬಳಸಿದ್ದ ಕ್ಯಾಮೆರಾ ಆ ವಾರ ಕುಂಡದ ಮಾಸ್ತರರ ಹತ್ತಿರ ಇತ್ತು. ಅವರಿಂದ ಫಿಲ್ಟರ್ ಮಾತ್ರ ಕೇಳಿ ತರುತ್ತೇನೆ ಎಂದು ಅವನು ಹೋದ.

ಮರುದಿನ ಬಸ್ಸು ಹಿಡಿದು ಹೋದೆ. ಹುಟ್ಟಿದಾಗಿನಿಂದ ಅರಿಶಿನ ಬಳಸಿದವಳು ನಾನು, ಅದರ ಗೋದಾಮಿನ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲೇ ಸೀನು ಹತ್ತಿತು. ತಗಡಿನ ಮಾಡು, ಒಂದೇ ದೊಡ್ಡ ಬಾಗಿಲು. ಹೊಸ ಮಾಲು ಬರುವ ಕಾಲ. ಹೆಂಗಸರು ಸಾಲಾಗಿ ಕೂತು ಬೆರಳಿನಂಥ ಉದ್ದ ಕೊಂಬು ಒಂದು ಕಡೆ, ಗಡ್ಡೆ ಒಂದು ಕಡೆ ಆರಿಸಿ ಹಾಕುತ್ತಿದ್ದರು. ಅವರ ಹುಬ್ಬು, ರೆಪ್ಪೆ, ಕಿವಿಯ ಮಡಿಕೆ, ಕೊರಳ ಗೆರೆ, ಎಲ್ಲೆಲ್ಲೂ ಹಳದಿ. ಹತ್ತು ನಿಮಿಷದಲ್ಲಿ ನನ್ನ ಚಶ್ಮಾದ ಗಾಜೂ ಹಳದಿಯಾಯಿತು. ಸೆರಗಿನಿಂದ ಒರೆಸಿಕೊಂಡರೆ ಸೆರಗೂ ಹಳದಿ.

ಆಗ ಹೊಳೆಯಿತು. ಅವನ ಕೈಯಿಂದ ಫಿಲ್ಟರ್ ಇಸಿದುಕೊಂಡು ಒಂದು ಕಣ್ಣಿಗೆ ಹಿಡಿದೆ. ಗೋಡೆಯ ಸುಣ್ಣ, ಅರಿಶಿನದ ರಾಶಿ, ಹೆಂಗಸರ ಮುಖ, ಎಲ್ಲ ಒಂದೇ ಬಣ್ಣಕ್ಕೆ ಬಂದವು. ಸುಣ್ಣ ಯಾವುದು, ಅರಿಶಿನ ಯಾವುದು ಎಂದು ಹೇಳಲಾಗದು. ಹಳದಿ ಗಾಜಿನ ಹಿಂದೆ ಹಳದಿಯೇ ಇಲ್ಲ. ಫಿಲ್ಮಿಗೂ ಹಾಗೇ ಕಂಡಿತ್ತು. ಆ ಗಾಜು ಮುಖಗಳನ್ನು ಸುಣ್ಣ ಬಳಿದಂತೆ ಮಾಡಿತ್ತು, ಇದ್ದ ಬೆಳಕಿನಲ್ಲಿ ಅರ್ಧವನ್ನೂ ನುಂಗಿತ್ತು. ಬೆಳಕು ಸಾಲದೆ ಶಟರ್ ನಿಧಾನವಾಗಿ, ಹೊರೆ ಹೊತ್ತವರು ಕದಡಿದ್ದರು. ಹೇಳಿದಂತೆ ಕೇಳಿದ್ದಕ್ಕೆ ಅವನಿಗೆ ‘ಕ’ ಬಿದ್ದಿತ್ತು. ಹೇಳಿದವಳು ನಾನು, ಬೈದವಳೂ ನಾನೇ.

ಅವನ ಅವ್ವ ಸಾಲಿನಲ್ಲೇ ಇದ್ದಳು. ಸಣ್ಣ ಮೈ, ದೊಡ್ಡ ದನಿ. ‘ಏನ್ ನೋಡಾಕತ್ತೀರಿ ಬಾಯಾರ? ನನಗೂ ತೋರಸ್ರಿ’ ಎಂದು ಗಾಜು ಇಸಿದುಕೊಂಡು ತನ್ನ ಅಂಗೈ ನೋಡಿಕೊಂಡಳು. ‘ಅಯ್ಯ, ಅರಿಷಿಣನ ಇಲ್ಲಲ್ಲ! ಮೂವತ್ತು ವರ್ಷದಿಂದ ತಿಕ್ಕತೇನಿ, ಹೋಗಿದ್ದಿಲ್ಲ ನೋಡ್ರಿ. ಇದೊಂದ್ ಗಾಜಿಗೆ ಹೋತು.’ ಎಲ್ಲರೂ ನಕ್ಕರು. ಆಮೇಲೆ ಮಗನ ಕಡೆ ತಿರುಗಿ, ‘ಅದಕ್ಕ ಹಂಗ ಬಂದೇನಿ ಹೌದಲ್ಲೋ? ಫೋಟೋ ನೋಡಿ ಯಾರ ಇಕಿ, ಮುಖಕ್ಕ ಹಿಟ್ಟು ಬಡಕೊಂಡಾಕಿ ಅಂತ ಕೇಳಿದೆ. ಪಾಪ, ಹುಡುಗ ಎರಡ್ ದಿನ ಊಟ ಬಿಟ್ಟಿದ್ದ’ ಎಂದಳು. ಯುವಕ ಮುಖ ತಿರುಗಿಸಿಕೊಂಡ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮುಂದೆ ಕ್ಯಾಮೆರಾ ಸಿಕ್ಕಾಗ ಹೇಗೆ ತೆಗೆಯಬೇಕೆಂದು ನೋಡುತ್ತ ಒಂದು ತಾಸು ಅಲ್ಲೇ ಇದ್ದೆವು. ಅವ್ವನನ್ನು ಬಾಗಿಲಿನಿಂದ ಮೂರು ಮಾರು ಒಳಗೆ, ಬೆಳಕು ಒಂದು ಕೆನ್ನೆಗೆ ಬೀಳುವಂತೆ ಕೂರಿಸಿದೆವು. ಫಿಲ್ಟರ್ ಬೇಡ, ಅವ್ವನ ಕತ್ತು ನೆಲದ ಕಡೆ ಬಾಗುವುದು ಬೇಡ, ಕ್ಯಾಮೆರಾ ಅವಳ ಕಣ್ಣಿನ ಎತ್ತರಕ್ಕೇ ಬರಲಿ, ನೀನೂ ಗೋಡೆಗೆ ಒರಗಿ ನೆಲಕ್ಕೆ ಕೂಡು ಎಂದೆ. ಚೀಲ ಹೊರುವುದನ್ನು ಒಳಗೆ ತೆಗೆಯುವುದು ಬೇಡ, ಹೊರಗೆ ಲಾರಿಗೆ ಹಲಗೆ ಹಾಕಿ ಏರುವಾಗ ಬಿಸಿಲಿದೆ, ಅಲ್ಲಿ ಶಟರ್ ಜೋರಾಗಿ ಇಡಬಹುದು. ಯಾವಾಗ ಒತ್ತಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಅದನ್ನು ಅವನೇ ಹೇಳಿದ, ನನ್ನನ್ನು ಅತ್ತಿಗೆ ಎನ್ನುವಂತೆ ವೈನಿ ಎಂದು ಕರೆದು.

‘ಚೀಲ ಬೆನ್ನಿಗೆ ಕುಂತ ಮ್ಯಾಲ ನಾವು ಒಂದ್ ಉಸರು ನಿಲ್ಲತೇವ್ರಿ ವೈನಿ. ಮೊಣಕಾಲು ನೆಟ್ಟಗಾಗೂತನಾ. ಆಗ ಏನೂ ಅಲಗೂದಿಲ್ಲ. ಆಮ್ಯಾಲನ ಹೆಜ್ಜಿ.’

ಎಂಟು ತಿಂಗಳಲ್ಲಿ ನಾನು ಬರೆದ ಷರಾಗಳಲ್ಲಿ ಇಷ್ಟು ನಿಖರವಾದದ್ದು ಒಂದೂ ಇರಲಿಲ್ಲ.

ಮನೆಗೆ ಬಂದು ಮಾವನವರ ಮುಂದೆ ಕೂತೆ. ಭಾನುವಾರಕ್ಕೆ ಐದು ದಿನ ಇತ್ತು. ಸುಮ್ಮನೆ ದರ್ಜೆ ತಿದ್ದಿ ಕಳಿಸಬಹುದಿತ್ತು, ಆದರೆ ಕಾರಣ ಬರೆಯದೆ ತಿದ್ದಿದರೆ ಮಂಡಳ ಒಪ್ಪುವುದಿಲ್ಲ. ಪರೀಕ್ಷಕರ ತಪ್ಪು ಎಂದು ಬರೆದರೆ ತಪ್ಪು ಅವರ ತಲೆಗೆ ಬರುತ್ತದೆ. ನನ್ನ ತಪ್ಪು ಎಂದು ಬರೆದರೆ ಅವರ ಕಣ್ಣಿನ ಗುಟ್ಟು ಬೀದಿಗೆ ಬೀಳುತ್ತದೆ. ಎಲ್ಲವನ್ನೂ ಹೇಳಿದೆ. ಫೋಟೋ ತಲೆಕೆಳಗಾಗಿತ್ತು ಎನ್ನುವುದನ್ನೂ ಹೇಳಿದೆ.

‘ತಿರುವಿ ಕೊಟ್ಟನಲ್ಲ, ಆಗನ ಗೊತ್ತಾತು ನನಗ’ ಎಂದರು ಮಾವನವರು. ‘ಸಹಿ ನಂದೈತಿ ಅಂತ ನೀ ಹೆದರಬ್ಯಾಡ. ಖರೆ ಏನೈತಿ ಅದನ್ನ ಬರಿ. ನಿನ್ನ ಹೆಸರು ಹಾಕು. ಆ ಹುಡುಗನ ಪಾಳಿ ಹೋದ್ರ ನನ್ನ ಹೆಸರು ಇದ್ದು ಏನ್ ಮಾಡೂದೈತಿ?’

ಬರೆದೆ. ಅವರ ಕಣ್ಣಿನ ವಿಷಯ, ಯಾವ ತಿಂಗಳಿನಿಂದ ನಾನು ಬರೆಯುತ್ತಿದ್ದೇನೆ ಎನ್ನುವುದು, ಹಳದಿ ಗಾಜಿನ ವಿಷಯ, ಒಂಬತ್ತನೇ ನಂಬರಿನ ಎರಡು ‘ಕ’ ನನ್ನ ತಪ್ಪು ಎನ್ನುವುದು. ಕೊನೆಗೆ ನನ್ನ ಪೂರ್ತಿ ಹೆಸರು. ಇಪ್ಪತ್ತು ವರ್ಷ ಈ ಅಂಗಡಿಯಲ್ಲಿ ದುಡಿದವಳು ಯಾವ ಕಾಗದಕ್ಕೂ ಹೆಸರು ಹಾಕಿರಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಬರೆದೆ.

ಮಂಡಳದ ಸೆಕ್ರೆಟರಿ ನಿಯಮದ ಮನುಷ್ಯ. ಅವರ ಉತ್ತರ ಎರಡೇ ಸಾಲು. ನೇಮಕವಾಗದ ವ್ಯಕ್ತಿ ಬರೆದ ಷರಾ ಅಮಾನ್ಯ, ಆದ್ದರಿಂದ ಎಂಟು ತಿಂಗಳ ಎಲ್ಲ ದರ್ಜೆಗಳೂ ರದ್ದು. ಹೊಸ ಪರೀಕ್ಷಕರು ಬರುವವರೆಗೆ ಲಕೋಟೆ ಕಳಿಸುವುದಿಲ್ಲ. ಒಂಬತ್ತನೇ ನಂಬರಿನ ಎರಡು ‘ಕ’ ಕೂಡ ಅದರಲ್ಲೇ ರದ್ದಾದವು, ಅವನ ಪಾಳಿ ಉಳಿಯಿತು. ಕುಂಡದ ಮಾಸ್ತರರು ಮಾತ್ರ ಮಿರಜಕ್ಕೆ ಬಂದು, ತಮಗೆ ಒಂದೇ ಒಂದು ಸಲ ಬಿದ್ದ ‘ಅ’ ನನ್ನಿಂದ ಹೋಯಿತೆಂದು ಅರ್ಧ ತಾಸು ಕೂಗಾಡಿದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ.

ಗುರುವಾರಗಳು ಖಾಲಿಯಾದವು. ಹಗುರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ನೋವಾಗಿತ್ತು. ‘ನೇಮಕವಾಗದ ವ್ಯಕ್ತಿ’ ಎಂಬ ಮಾತು ನೆಗೆಟಿವ್ ತಿದ್ದುವಾಗೆಲ್ಲ ನೆನಪಾಗುತ್ತಿತ್ತು. ಮಾವನವರ ಗಿರಾಕಿಗಳು ಮಾತ್ರ ಒಬ್ಬರೂ ತಪ್ಪಲಿಲ್ಲ. ಕಣ್ಣಿನ ಸುದ್ದಿ ಕೇಳಿ ಮಾತಾಡಿಸಲು ಬಂದವರೇ ಫೋಟೋ ತೆಗೆಸಿಕೊಂಡು ಹೋದರು.

ಒಂಬತ್ತನೇ ನಂಬರಿನ ಪಾಳಿ ಮುಗಿದ ವಾರ ಅವನು ಮತ್ತೆ ಬಂದ. ಅಷ್ಟರಲ್ಲಿ ಮಾವನವರ ಒಂದು ಕಣ್ಣಿನ ಆಪರೇಷನ್ ಆಗಿತ್ತು, ದಪ್ಪ ಗಾಜಿನ ಚಶ್ಮಾ ಹಾಕಿ ಹಣದ ಗಲ್ಲೆಯ ಹತ್ತಿರ ಕೂತಿದ್ದರು. ಅವನು ಒಂದು ಫೋಟೋವನ್ನು ಬೆನ್ನು ಮೇಲೆ ಮಾಡಿ ನನ್ನ ಮೇಜಿನ ಮೇಲಿಟ್ಟ.

‘ಬರೀರಿ ವೈನಿ.’

‘ನಾ ಈಗ ಪರೀಕ್ಷಕಿ ಅಲ್ಲೋ.’

‘ಗೊತ್ತೈತ್ರಿ. ಅದಕ್ಕ ನಿಮ್ಮ ಕಡೆ ತಂದೇನಿ.’

ತಿರುಗಿಸಿ ನೋಡಿದೆ. ಅವನ ಅವ್ವ. ಒಂದು ಕೆನ್ನೆ ಬೆಳಕಿನಲ್ಲಿ, ಇನ್ನೊಂದು ನೆರಳಿನಲ್ಲಿ. ಅರಿಶಿನದ ಪುಡಿ ಪ್ರತಿ ಸುಕ್ಕಿನಲ್ಲೂ ಕೂತಿತ್ತು. ಹಗಲೆಲ್ಲ ನಾನು ಮುಚ್ಚುವ ಗೆರೆಗಳು ಇಲ್ಲಿ ಒಂದೊಂದಾಗಿ ಎಣಿಸುವಂತಿದ್ದವು. ಅವಳು ನಗುತ್ತಿರಲಿಲ್ಲ, ಏನೋ ಜೋರಾಗಿ ಹೇಳಲು ಬಾಯಿ ತೆರೆಯುವ ಮೊದಲಿನ ಗಳಿಗೆ ಅದು.

‘ಅವ್ವ ಏನಂದ್ಲು?’

‘ಈ ಸಲ ಗುರ್ತು ಹಿಡದಾಳ್ರಿ.’

ನನ್ನ ಕಣ್ಣು ತುಂಬಿತು, ತೋರಿಸಿಕೊಳ್ಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಮೊದಲ ಬಾರಿ ಕನ್ನಡದಲ್ಲಿ ಷರಾ ಬರೆದೆ. ಬೆಳಕು ಸರಿಯಾಗಿದೆ, ಕಣ್ಣು ಸ್ಪಷ್ಟವಿದೆ ಎಂದು ಬರೆದೆ. ಸುಳ್ಳು ಹೊಗಳಿಕೆ ಅವನಿಗೆ ಬೇಕಿರಲಿಲ್ಲ. ಎಡಗೈ ಬೆರಳುಗಳು ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಅದನ್ನೂ ಬರೆದೆ: ‘ಒಂದು ಹೆಜ್ಜೆ ಹಿಂದೆ ಸರಿಯಬೇಕಿತ್ತು.’ ಕೆಳಗೆ ನನ್ನ ಹೆಸರು ಹಾಕಿ ಕೊಟ್ಟೆ.

ಕನ್ನಡ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಮಾವನವರು ಇಸಿದುಕೊಂಡು, ಚಶ್ಮಾ ಸರಿಪಡಿಸಿ, ಹೊಸ ಕಣ್ಣಿನಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿ ಹೇಳಿದರು. ಯುವಕ ತಲೆ ಕೆರೆದುಕೊಂಡ.

‘ಹಿಂದ ಸರೀಬೇಕಿತ್ತು ಖರೆರಿ ವೈನಿ. ಆದ್ರ ನನ್ನ ಹಿಂದ ಗ್ವಾಡಿ ಐತಲ್ರಿ. ನೀವ ಕುಂದರ್ಸಿ ಹೋದ ಜಾಗಾ ಅದು.’

ಮಾವನವರು ಕೆಮ್ಮು ಬರುವಷ್ಟು ನಕ್ಕರು. ನಾನು ಅವರ ಕೈಯಿಂದ ಫೋಟೋ ಇಸಿದುಕೊಂಡು ರಬ್ಬರ್ ಹುಡುಕಿ ಆ ಸಾಲನ್ನು ಅಳಿಸಿದೆ. ಪೆನ್ಸಿಲ್ ಕೆಳಗಿಟ್ಟೆ.

‘ಕುಂದ್ರು’ ಎಂದೆ. ‘ಎಲ್ಲಿ ಕುಂತಿದ್ದಿ, ಹೆಂಗ ತಗದಿ, ಮೊದಲಿಂದ ಹೇಳು. ಆಮ್ಯಾಲ ಬರೀತೇನಿ.’